ಕತ್ತು ನೋಡಿ ಸಮಾಧಾನ ಪಡಬೇಡಿ, ಉಪ್ಪಿನ ಮರಿಗೆ ನೋಡಿ

ಮಲೆನಾಡಿನ ಓದುಗರೊಬ್ಬರು ಬರೆದಿದ್ದಾರೆ: "ದೊಡ್ಡ ಮಗಳು ಬಸುರಿ, ಈಗ ಮೂರು ತಿಂಗಳು. ನಮ್ಮಲ್ಲೇ ಇದ್ದಾಳೆ. ಮನೆಗೆ ಬಂದ ಆಶಾ ಕಾರ್ಯಕರ್ತೆ ಅಯೋಡಿನ್ ಉಪ್ಪನ್ನೇ ಬಳಸಿ ಎಂದು ಒತ್ತಿ ಹೇಳಿ ಹೋದರು. ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದಲೂ ಹರಳುಪ್ಪು. ಸಮುದ್ರದ ಉಪ್ಪಲ್ಲವೇ, ಅಯೋಡಿನ್ ಅದರಲ್ಲೇ ಇರುತ್ತದಲ್ಲ? ಅಳಿಯಂದಿರು ಬೆಂಗಳೂರಿಂದ ಪಿಂಕ್ ಸಾಲ್ಟ್ ಬೇರೆ ತಂದುಕೊಟ್ಟಿದ್ದಾರೆ. ನಮ್ಮ ಪೈಕಿ ಯಾರ ಕತ್ತಿನಲ್ಲೂ ಗಡ್ಡೆ ಇಲ್ಲ. ಮೂರು ತಿಂಗಳು ಕಳೆದೇ ಹೋಯಿತು, ಈಗ ಬದಲಾಯಿಸಿ ಏನು ಬಂತು? ಚಿಕ್ಕವಳ ಮದುವೆ ಹತ್ತಿರ ಬಂದಿದೆ. ಅಡುಗೆಮನೆಯಲ್ಲಿ ಸುಮ್ನೆ ಹೊಸ ಗಲಾಟೆ ಯಾಕೆ ಅನಿಸುತ್ತದೆ."

ಅಮ್ಮಾ, ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ತಡವಾಗಿಲ್ಲ. ಈ ಪತ್ರಿಕೆ ಕೈಗೆ ಬಂದ ದಿನವೇ ಉಪ್ಪು ಬದಲಾಯಿಸಿ. ಮಗುವಿನ ಮಿದುಳು ಹುಟ್ಟುವವರೆಗೂ, ಹುಟ್ಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ.

ಕತ್ತಿನಲ್ಲಿ ಗಡ್ಡೆ ಇಲ್ಲ ಎಂದಿದ್ದೀರಿ. ಬಹಳ ಜನ ಹೀಗೇ ಸಮಾಧಾನ ಮಾಡಿಕೊಳ್ಳುತ್ತಾರೆ. ಕತ್ತು ಊದುವ ಗಳಗಂಡ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅಯೋಡಿನ್ ಕೊರತೆ ಎಂದರೆ ಅದೇ ಎಂದುಕೊಂಡಿದ್ದೇವೆ. ಬಸುರಿಗೆ ಕೊರತೆಯಾದರೆ ಮೊದಲ ಪೆಟ್ಟು ಬೀಳುವುದು ಹೊಟ್ಟೆಯಲ್ಲಿರುವ ಮಗುವಿಗೆ. ಅಯೋಡಿನ್ ಇಲ್ಲದೆ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯಲ್ಲಿ ಹಾರ್ಮೋನ್ ತಯಾರಾಗುವುದಿಲ್ಲ. ಆ ಹಾರ್ಮೋನ್ ಇಲ್ಲದೆ ಮಿದುಳು ಸರಿಯಾಗಿ ಬೆಳೆಯುವುದಿಲ್ಲ. ಮೊದಲ ಮೂರು ತಿಂಗಳು ಮಗು ಈ ಹಾರ್ಮೋನನ್ನು ತಾನೇ ಮಾಡಿಕೊಳ್ಳಲಾರದು, ಪೂರ್ತಿ ತಾಯಿಯದ್ದೇ ಬೇಕು. ಆಮೇಲೆ ಮಗುವಿನ ಥೈರಾಯ್ಡ್ ಕೆಲಸ ಶುರು ಮಾಡುತ್ತದೆ, ಆದರೆ ಅದಕ್ಕೆ ಬೇಕಾದ ಅಯೋಡಿನ್ ಬರುವುದೂ ತಾಯಿಯಿಂದಲೇ. ಈ ಕಡೆ ಬಸುರಿಯ ಮೂತ್ರದಲ್ಲಿ ಅಯೋಡಿನ್ ಮಾಮೂಲಿಗಿಂತ ಜಾಸ್ತಿ ಹೊರಗೆ ಹೋಗುತ್ತದೆ. ಹಾಗಾಗಿಯೇ ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕಾದರೆ, ಬಸುರಿ ಬಾಣಂತಿಯರಿಗೆ 250 ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೊರತೆ ತೀರಾ ಹೆಚ್ಚಾದರೆ ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ಇನ್ನು ಕೆಲವು ಮಕ್ಕಳು ನೋಡಲು ಚೆನ್ನಾಗಿಯೇ ಹುಟ್ಟುತ್ತಾರೆ, ಶಾಲೆಗೆ ಸೇರಿದ ಮೇಲೆ ಕಲಿಕೆಯಲ್ಲಿ ಹಿಂದೆ ಬೀಳುತ್ತಾರೆ. ಅದಕ್ಕೆ ಉಪ್ಪು ಕಾರಣವಿರಬಹುದೆಂದು ಯಾರಿಗೂ ಹೊಳೆಯುವುದೂ ಇಲ್ಲ.

ಇದು ಊಹೆಯ ಮಾತಲ್ಲ. 1966ರಲ್ಲಿ ಪಪುವಾ ನ್ಯೂಗಿನಿಯ ಜಿಮಿ ಕಣಿವೆಯಲ್ಲಿ ವೈದ್ಯರು ಒಂದು ಪ್ರಯೋಗ ಶುರು ಮಾಡಿದರು. ಅರ್ಧದಷ್ಟು ಕುಟುಂಬಗಳಿಗೆ ಅಯೋಡಿನ್ ಬೆರೆಸಿದ ಎಣ್ಣೆಯ ಇಂಜೆಕ್ಷನ್, ಉಳಿದವರಿಗೆ ಬರೀ ಉಪ್ಪುನೀರಿನದ್ದು. ಆಮೇಲೆ ಹುಟ್ಟಿದ ಮಕ್ಕಳನ್ನು ನೋಡುತ್ತಾ ಹೋದರು. ಉಪ್ಪುನೀರಿನ ಗುಂಪಿನಲ್ಲಿ 26 ಮಕ್ಕಳಿಗೆ ಬುದ್ಧಿ ಬೆಳೆಯದೆ, ಕಿವಿ ಕೇಳದೆ, ನಡೆಯಲು ಕಷ್ಟವಾಗುವಂಥ ತೊಂದರೆ ಕಂಡಿತು. ಅಯೋಡಿನ್ ಸಿಕ್ಕ ಗುಂಪಿನಲ್ಲಿ ಅಂಥ ಮಕ್ಕಳು 7. ಆ ಏಳರಲ್ಲಿ ಆರು ಮಕ್ಕಳ ತಾಯಂದಿರು ಇಂಜೆಕ್ಷನ್ ತೆಗೆದುಕೊಳ್ಳುವಾಗಲೇ ಬಸುರಿಯರಾಗಿದ್ದರು. ಈ ಲೆಕ್ಕ ಓದಿದಾಗ ನನಗೆ ಹೊಟ್ಟೆ ಕಲಸಿದ ಹಾಗಾಯಿತು. ಇನ್ನು ಕೆಲವೇ ತಿಂಗಳು ಮುಂಚೆ ಸಿಕ್ಕಿದ್ದರೆ!

ನಮ್ಮ ದೇಶದಲ್ಲಿ ದಾರಿ ತೋರಿಸಿದ್ದು ಹಿಮಾಲಯದ ಕಾಂಗ್ರಾ ಕಣಿವೆ. 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಣಿವೆಯನ್ನು ಮೂರು ಭಾಗ ಮಾಡಿ, ಎರಡು ಕಡೆ ಅಯೋಡಿನ್ ಬೆರೆತ ಉಪ್ಪು, ಒಂದು ಕಡೆ ಮಾಮೂಲಿ ಉಪ್ಪು ಹಂಚಿಸಿದರು. ಕೆಲವೇ ವರ್ಷಗಳಲ್ಲಿ ಆ ಎರಡು ಭಾಗದ ಮಕ್ಕಳಲ್ಲಿ ಗಳಗಂಡ ಇಳಿಯಿತು. ಆಮೇಲೆ ಮೂರನೆಯ ಭಾಗಕ್ಕೂ ಅದೇ ಉಪ್ಪು ಕೊಟ್ಟರು. 1962ರಲ್ಲಿ ಗಳಗಂಡ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಅಡುಗೆಗೆ ಅಯೋಡಿನ್ ಇಲ್ಲದ ಉಪ್ಪು ಮಾರಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2000ದಲ್ಲಿ ತೆಗೆದುಹಾಕಿ, 2006ರಲ್ಲಿ ಮತ್ತೆ ತಂದಿತು. ನಡುವಿನ ಆ ವರ್ಷಗಳನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಅದು ಬೆಟ್ಟದ ಸೀಮೆಯ ಕತೆ, ನಾವು ಕಡಲಿಗೆ ಹತ್ತಿರ ಎನ್ನುವಿರೇನೋ. ನಿಮ್ಮ ಪಕ್ಕದ ಚಿಕ್ಕಮಗಳೂರಿನಲ್ಲೂ ಗಳಗಂಡ ಹೆಚ್ಚೆಂದು ಸಮೀಕ್ಷೆಗಳು ತೋರಿಸಿವೆ. ಸಾವಿರಾರು ವರ್ಷ ಸುರಿದ ಮಳೆ ಮಣ್ಣಿನ ಅಯೋಡಿನ್ ತೊಳೆದುಕೊಂಡು ಹೋಗಿರುತ್ತದೆ. ಅಂಥ ಮಣ್ಣಿನ ಬೆಳೆಯಲ್ಲೂ ಅದು ಕಡಿಮೆ. ಸರಿ, ಹೋಗಿ ಸೇರಿದ್ದು ಸಮುದ್ರವನ್ನೇ. ಆದರೆ ಉಪ್ಪಿನ ಗದ್ದೆಯಲ್ಲಿ ನೀರು ಆರಿ ಹರಳು ಕಟ್ಟುವಾಗ ಅದರಲ್ಲಿ ಉಳಿಯುವ ಅಯೋಡಿನ್ ತೀರಾ ಕಡಿಮೆ. ನಮ್ಮ ದೇಹಕ್ಕೆ ಅದು ಯಾತಕ್ಕೂ ಸಾಲದು. 2018-19ರ ಸಮೀಕ್ಷೆಯಲ್ಲಿ ದೇಶದ ನೂರಕ್ಕೆ 76 ಮನೆಗಳಲ್ಲಿ ಮಾತ್ರ ಉಪ್ಪಿನಲ್ಲಿ ಸಾಕಷ್ಟು ಅಯೋಡಿನ್ ಇತ್ತು. ಹಿಂದೆ ಬಿದ್ದ ರಾಜ್ಯಗಳಲ್ಲಿ ತಮಿಳುನಾಡು, ಆಂಧ್ರ ಇದ್ದವು. ಎರಡೂ ಕಡಲ ತೀರದ ರಾಜ್ಯಗಳೇ ಅಲ್ವಾ? ಇನ್ನು ಪಿಂಕ್ ಸಾಲ್ಟ್, ಸೈಂಧವ ಲವಣ ಎರಡೂ ಗಣಿಯಿಂದ ಅಗೆದು ತೆಗೆದವು. ಬೆಲೆ ಎಷ್ಟೇ ಇರಲಿ, ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆ ಎಂದು ಬರೆಯದಿದ್ದರೆ ಮಗಳ ಅಡುಗೆಗೆ ಬೇಡ.

ಒಮ್ಮೆ ಅಂಗನವಾಡಿಯೊಂದರಲ್ಲಿ ಉಪ್ಪಿನ ಪರೀಕ್ಷೆ ನೋಡಿದ್ದೆ. ತಾಯಂದಿರು ಮನೆಯಿಂದ ಒಂದೊಂದು ಚಮಚ ಉಪ್ಪು ಕಾಗದದಲ್ಲಿ ಕಟ್ಟಿಕೊಂಡು ಬಂದಿದ್ದರು. ಪುಟ್ಟ ಬಾಟಲಿಯಿಂದ ಒಂದು ಹನಿ ಬಿಟ್ಟ ಕೂಡಲೇ ಮೊದಲನೆಯ ಉಪ್ಪು ನೇರಳೆ ಹಣ್ಣಿನ ಕಲೆಯ ಹಾಗೆ ಬಣ್ಣ ತಿರುಗಿತು. ಎರಡನೆಯದೂ ಹಾಗೇ. ಮೂರನೆಯದು ಹರಳುಪ್ಪು. ಹನಿ ಬಿತ್ತು, ಇಂಗಿತು, ಉಪ್ಪು ಬೆಳ್ಳಗೇ ಉಳಿಯಿತು. ಅದನ್ನು ತಂದಿದ್ದ ಹುಡುಗಿಗೆ ಏಳು ತಿಂಗಳು. ಅವಳು ಬಗ್ಗಿ ಆ ಬಿಳಿ ಉಪ್ಪನ್ನೇ ನೋಡುತ್ತಾ ಕೂತಿದ್ದು ನನ್ನ ಕಣ್ಣಿಗೆ ಕಟ್ಟಿದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನೂ ಕೇಳಿ. ಕಿಟ್ ಇದ್ದರೆ ನಿಮ್ಮೆದುರಿಗೇ ಹನಿ ಬಿಟ್ಟು ತೋರಿಸುತ್ತಾರೆ.

ಇನ್ನು ಮರಿಗೆಯ ಮಾತು. ನಿಮ್ಮ ಕಡೆ ಒಲೆ ಪಕ್ಕ ಉಪ್ಪಿನ ಮರಿಗೆ ತೆರೆದೇ ಇರುತ್ತದೆ. ಮಳೆಗಾಲದಲ್ಲಿ ಉಪ್ಪು ನೀರೊಡೆದು ತಳದಲ್ಲಿ ನಿಲ್ಲುತ್ತದೆ. ಆ ನೀರಿನ ಜೊತೆ ಅಯೋಡಿನ್ ಕೂಡ ಇಳಿದು ಹೋಗುತ್ತದೆ. ಹರಳುಪ್ಪಿಗೆ ಅಯೋಡಿನ್ ಸಿಂಪಡಿಸಿದ್ದರೂ ಅದು ಮೇಲ್ಮೈಗೆ ಮಾತ್ರ ಅಂಟಿರುತ್ತದೆ. ಕಸ ಹೋಗಲಿ ಎಂದು ತೊಳೆದರೆ ಅದೂ ಹೋಯಿತು. ಹಾಗಾಗಿ ಪೊಟ್ಟಣದ ಪುಡಿ ಉಪ್ಪು ತನ್ನಿ, ಮುಚ್ಚಳ ಗಟ್ಟಿಯಾಗಿರುವ ಡಬ್ಬಿಗೆ ಹಾಕಿ, ಒಲೆಯಿಂದ ದೂರ ಇಡಿ. ಅಡುಗೆ ಇಳಿಸುವ ಹೊತ್ತಿಗೆ ಉಪ್ಪು ಹಾಕಿದರೆ ಒಳ್ಳೆಯದು. ಅಜ್ಜಿ ಕಾಲದ ಹರಳುಪ್ಪನ್ನು ಮನೆಯಿಂದ ಆಚೆ ಹಾಕಬೇಕಿಲ್ಲ. ಮಿಡಿ ಉಪ್ಪಿನಕಾಯಿಗೆ ಅದೇ ಇರಲಿ.

ಅಯೋಡಿನ್ ಬೇಕೆಂದು ಉಪ್ಪು ಜಾಸ್ತಿ ತಿನ್ನಿಸಬೇಡಿ, ಬಿಪಿ ಏರುತ್ತದೆ. ದಿನಕ್ಕೆ ಒಂದು ಟೀ ಚಮಚದ ಒಳಗೇ ಇರಲಿ. ಅಷ್ಟರಿಂದಲೇ ಪೂರ್ತಿ ಸಿಗುವುದಿಲ್ಲ, ಹಾಲು, ಮೊಸರು ದಿನವೂ ಬೇಕು. ತಿನ್ನುವವರಾದರೆ ಮೊಟ್ಟೆ, ಮೀನೂ ಕೊಡಿ. ಅಯೋಡಿನ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ, ಜಾಸ್ತಿಯಾದರೂ ಥೈರಾಯ್ಡ್ ಕೆಡುತ್ತದೆ. ಮಗಳಿಗೆ ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದಾರಾ ಎಂದು ಮುಂದಿನ ತಪಾಸಣೆಯಲ್ಲಿ ಕೇಳಿ. ಈಗಾಗಲೇ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರೆ, ಉಪ್ಪು ಬದಲಾಯಿಸಿದೆವೆಂದು ಅದನ್ನು ನಿಲ್ಲಿಸುವಂತಿಲ್ಲ. ಬಾಣಂತನದಲ್ಲೂ ಮರೆಯಬೇಡಿ. ಕೆಲವು ಮನೆಗಳಲ್ಲಿ ಪಥ್ಯವೆಂದು ಸೈಂಧವ ಲವಣಕ್ಕೆ ಹೋಗುತ್ತಾರೆ. ಎದೆಹಾಲು ಕುಡಿಯುವ ಕೂಸಿಗೆ ಅಯೋಡಿನ್ ಸಿಗುವುದು ಆ ಹಾಲಿನಿಂದ ಮಾತ್ರ.

ಚಿಕ್ಕ ಮಗಳ ಮದುವೆ ಹತ್ತಿರ ಬಂತು ಎಂದಿದ್ದೀರಿ. ಜಿಮಿ ಕಣಿವೆಯ ಆ ಆರು ತಾಯಂದಿರ ನೆನಪಾಗಿ ಹೇಳುತ್ತಿದ್ದೇನೆ. ಬೀಗರ ಮನೆಯಲ್ಲಿ ಯಾವ ಉಪ್ಪು ಬಳಸುತ್ತಾರೆ ಎಂದು ಈಗಲೇ ಮಾತಿನ ನಡುವೆ ಕೇಳಿಕೊಳ್ಳಿ. ಅವರಲ್ಲೂ ಹರಳುಪ್ಪೇ ಆಗಿದ್ದರೆ, ಈ ಪುಟವನ್ನು ಕತ್ತರಿಸಿ ಬೀಗಿತ್ತಿಗೆ ಕೊಡಿ.