ಅಂಗಡಿ ಬೀದಿಗೂ ಒಂದು ಪರಂಪರೆಯೇ?

ಪತ್ರ: ಕಳೆದ ಸಂಚಿಕೆಯಲ್ಲಿ ಗಾಂಧಿ ಬಜಾರಿನ ಹಳೆಯ ಮಳಿಗೆಗಳ ಚಿತ್ರ ಹಾಕಿ ಪರಂಪರೆ ಎಂದು ಕೊಂಡಾಡಿದ್ದೀರಿ. ಒಂದು ಹೆಂಚಿನದು, ಪಕ್ಕದ್ದು ತಾರಸಿಯದು, ಅದರಾಚೆ ಗಾಜಿನದು. ಈ ಕಲಸುಮೇಲೋಗರದಲ್ಲಿ ಪರಂಪರೆ ಎಲ್ಲಿದೆ? ಅಲ್ಲಿ ನಮ್ಮದೂ ಒಂದು ಮಳಿಗೆಯಿದೆ. ಅಕ್ಕಪಕ್ಕದ ಇಬ್ಬರೊಂದಿಗೆ ಸೇರಿ ಕೆಡವಿ ಕಟ್ಟಬೇಕೆಂದಿದ್ದೇವೆ. ಬೀಳುವ ಕಟ್ಟಡವನ್ನು ಯಾರಿಗೋಸ್ಕರ ಕಾಯಬೇಕು?
— ಓದುಗರೊಬ್ಬರು, ಬಸವನಗುಡಿ

ಸಂಪಾದಕರ ಉತ್ತರ: ಕಟ್ಟಡದ ಒಡೆಯರೇ ಇಷ್ಟು ನೇರವಾಗಿ ಬರೆಯುವುದು ಅಪರೂಪ; ಅದಕ್ಕೆ ವಂದನೆ. ಹಳೇ ಕಾಲದ ಬಾಡಿಗೆ, ಅಣ್ಣತಮ್ಮಂದಿರ ಪಾಲು, ಸೋರುವ ಸೂರು ಇವುಗಳ ತಾಪತ್ರಯ ಮೇಜಿನ ಮುಂದೆ ಕುಳಿತು ಬರೆಯುವವರಿಗೆ ತಟ್ಟುವುದಿಲ್ಲವೆಂಬುದೂ ನಿಜ. ಆದರೆ ನೀವು ಹಳಿದಿರುವ ಕಲಸುಮೇಲೋಗರವನ್ನೇ ನಾನು ಆ ಬೀದಿಯ ಆಸ್ತಿ ಎನ್ನುತ್ತೇನೆ.

ಗಾಂಧಿ ಬಜಾರ್ ಇರುವ ಬೆಂಗಳೂರಿನ ಬಸವನಗುಡಿ ಬಡಾವಣೆ ರೂಪುಗೊಂಡದ್ದು 1890ರ ದಶಕದಲ್ಲಿ. 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟವರಿಂದ ಅದು ತುಂಬತೊಡಗಿತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿನ ಉದ್ಯಮ ಅಷ್ಟರಲ್ಲಿ ಘಟ್ಟ ಹತ್ತಿತ್ತಾದ್ದರಿಂದ ಬಹಳ ಮಂದಿ ಹೆಂಚು ಹೊದಿಸಿದರು. ಕೈಯಲ್ಲಿ ನಾಲ್ಕು ಕಾಸು ಹೆಚ್ಚಿದ್ದವರು ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ಸುಣ್ಣದ ಗಾರೆ ಬಡಿಸಿ ಮದ್ರಾಸ್ ತಾರಸಿ ಮಾಡಿಸಿಕೊಂಡರು. ಮುಂದೆ ಸಿಮೆಂಟು ಕೈಗೆಟುಕಿದಾಗ ಮೂಲೆಗಳು ದುಂಡಗಾದವು, ಕಿಟಕಿಗಳ ಮೇಲೆ ಉದ್ದನೆಯ ಸಜ್ಜಾ ಬಂತು, ನೆತ್ತಿಯ ಮೇಲೆ ಗಾರೆಯಲ್ಲಿ ಉಬ್ಬಿಸಿದ ಹೆಸರೂ ಇಸವಿಯೂ ಕುಳಿತವು. ಇಷ್ಟೆಲ್ಲ ಬಗೆಯಿದ್ದರೂ ಬೀದಿ ಒಂದಾಗಿ ಕಾಣುತ್ತಿದ್ದುದು ನಿವೇಶನದ ಮುಖ ಕಿರಿದಾಗಿದ್ದರಿಂದ, ಕೆಳಗೆ ಅಂಗಡಿ ಮೇಲೆ ಮನೆ ಎಂಬ ಎತ್ತರವನ್ನು ಯಾರೂ ಮೀರದೆ ಇದ್ದುದರಿಂದ. ನಾಲ್ಕು ಹೆಜ್ಜೆಗೊಂದು ಬಾಗಿಲು ಸಿಗುವ ಬೀದಿಯಲ್ಲಿ ಗಿರಾಕಿ ತಾನಾಗಿಯೇ ನಿಧಾನವಾಗುತ್ತಾನೆ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುವ ಜನ ಎದುರಿನ ಅಂಗಡಿಗಳನ್ನು ಬಗ್ಗಿ ನೋಡುವುದನ್ನು ನೀವೇ ಕಂಡಿರುತ್ತೀರಿ.

ಹಲಗೆ ಬಾಗಿಲಿನ ಅಂಗಡಿ ತೆರೆಯುವುದನ್ನು ನಾನು ಆ ಕಡೆ ನಿಂತು ನೋಡಿದ್ದೇನೆ. ಕೊರಕಲಿನಿಂದ ಹಲಗೆಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸುತ್ತಾರೆ. ಅದಲುಬದಲಾದರೆ ಸಂಜೆ ಕೂರುವುದಿಲ್ಲವೆಂದು ಪ್ರತಿಯೊಂದರ ಮೇಲೂ ಬಣ್ಣದಲ್ಲಿ ಅಂಕಿ ಬರೆದಿರುತ್ತಾರೆ. ರೋಲಿಂಗ್ ಷಟರ್ ಸಲೀಸು, ಒಪ್ಪಿದೆ. ಆದರೆ ಮುಚ್ಚಿದ ಷಟರಿನ ಬೀದಿಯಷ್ಟು ಭಣಗುಡುವುದು ಬೇರೆ ಇಲ್ಲ.

ಬೀಳುವ ಕಟ್ಟಡ ಎಂದಿರಿ. ಮೈಸೂರಿನ ಹಳೆಯ ಅಂಗಡಿ ಸಾಲಾದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದಾಗಲೂ ವಯಸ್ಸಾಯಿತು, ಕೆಡವಿಬಿಡಿ ಎಂಬ ಕೂಗೇ ಎದ್ದಿತು. ವಯಸ್ಸೊಂದೇ ಯಾವ ಕಟ್ಟಡವನ್ನೂ ಕೆಡವುವುದಿಲ್ಲ. ಕಸ ಕಟ್ಟಿಕೊಂಡ ದೋಣಿಕೊಳವೆಯ ನೀರು ಗೋಡೆಗಿಳಿದು ತೊಲೆಯ ತುದಿ ಕೊಳೆಯುತ್ತದೆ, ಬಿರುಕಿನಲ್ಲಿ ಅರಳಿಗಿಡ ಬೇರುಬಿಡುತ್ತದೆ, ಉಸಿರಾಡುವ ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಿ ತೇವವನ್ನು ಒಳಗೇ ಕೂಡಿಹಾಕುತ್ತೇವೆ. ವರ್ಷಕ್ಕೊಮ್ಮೆ ಮಳೆಗಾಲದ ಮುನ್ನ ಒಬ್ಬ ಆಳನ್ನು ಸೂರು ಹತ್ತಿಸದವರು ಆಮೇಲೆ ಕಟ್ಟಡವನ್ನು ದೂರಿದರೆ ಹೇಗೆ?

ಸರ್ಕಾರದ ಕಥೆಯೂ ಇದೇ. ನೂರು ವರ್ಷ ತುಂಬದ್ದನ್ನು ನಮ್ಮ ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯಿದೆ ಸ್ಮಾರಕವೆಂದು ಎಣಿಸುವುದಿಲ್ಲ, ತುಂಬಿದ್ದರಲ್ಲಿಯೂ ಅಂಗಡಿಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಈಚೆಗೆ ಗಾಂಧಿ ಬಜಾರನ್ನು ಅಗೆದು ಕಾಲುದಾರಿಯನ್ನು ಅಗಲ ಮಾಡಿದರು. ನಡೆಯುವವರಿಗೆ ಒಳ್ಳೆಯದೇ ಆಯಿತು. ಆದರೆ ತಲೆಯೆತ್ತಿದರೆ ಕಾಣುವುದು ಫ್ಲೆಕ್ಸು, ಇಲ್ಲವೇ ಹೊಳೆಯುವ ಅಲ್ಯೂಮಿನಿಯಂ ಹಾಳೆ. ಅದರ ಹಿಂದೆ ಯಾರದೋ ಅಜ್ಜ ಗಾರೆಯಲ್ಲಿ ಬರೆಸಿದ ಇಸವಿ ಉಸಿರುಕಟ್ಟಿ ಕುಳಿತಿದೆ. ಅನುಮತಿ ಕೊಡುವ ಮೇಜಿನಲ್ಲಿ ಚದರಡಿ ಕೇಳುತ್ತಾರೆಯೇ ಹೊರತು ಬೀದಿಗೆ ಕಾಣುವ ಮುಖ ಹೇಗಿರುತ್ತದೆಂದು ಕೇಳುವವರಿಲ್ಲ.

ನಿಮ್ಮ ಆಸ್ತಿ, ತೀರ್ಮಾನ ನಿಮ್ಮದು. ಆದರೂ ಬುಲ್ಡೋಜರ್ ಕರೆಸುವ ಮೊದಲು ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯೊಬ್ಬನಿಂದ ತೊಲೆಗಳ ತುದಿಯನ್ನು ತಟ್ಟಿಸಿ ನೋಡಿ. ಕೆಡವಲೇಬೇಕಾಗಿ ಬಂದರೆ ಮೂರು ನಿವೇಶನ ಒಂದಾದರೂ ಬೀದಿಯ ಕಡೆ ಮೂರು ಮುಖ, ಮೂರು ಬಾಗಿಲು ಉಳಿಯುವ ಹಾಗೆ ನಕ್ಷೆ ಬರೆಯಲು ನಿಮ್ಮ ವಾಸ್ತುಶಿಲ್ಪಿಗೆ ಹೇಳಿ. ಹಾಗೆ ಬರೆದ ನಕ್ಷೆಯನ್ನು ನಮಗೆ ಕಳಿಸಿದರೆ ಖಂಡಿತ ಪ್ರಕಟಿಸುತ್ತೇವೆ.