ಗೆಳೆಯನನ್ನ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತಾ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ವಿದ್ಯಾನಗರದ ಹತ್ತಿರ ಮೂವರು ಸೇರಿ ರೂಮ್ ಮಾಡಿದ್ದೇವೆ. ಒಬ್ಬ ಜಗಳೂರು ಕಡೆಯವನು, ಅವನಪ್ಪ ಮೆಕ್ಕೆಜೋಳ ಬೆಳೆಯುತ್ತಾರೆ. ಬ್ಯಾಕ್‌ಲಾಗ್, ಅಂದರೆ ಫೇಲಾಗಿ ಉಳಿದ ಸಬ್ಜೆಕ್ಟು, ಜಾಸ್ತಿಯಾಗಿ ಅವನಿಗೆ ಇಯರ್ ಬ್ಯಾಕ್ ಆಗೋ ಹಾಗಿದೆ, ಮುಂದಿನ ವರ್ಷಕ್ಕೆ ಹೋಗೋಕಾಗಲ್ಲ. ಮನೆಯಲ್ಲಿ ಹೇಳಿಲ್ಲ. ಒಂದು ತಿಂಗಳಿಂದ ಸರಿಯಾಗಿ ಊಟ ಮಾಡಲ್ಲ, ರಾತ್ರಿಯೆಲ್ಲ ಎದ್ದು ಕೂತಿರುತ್ತಾನೆ. ಹೋದ ವಾರ ತನ್ನ ಕ್ಯಾಲ್ಕುಲೇಟರನ್ನ ಜೂನಿಯರ್ ಒಬ್ಬನಿಗೆ ಕೊಟ್ಟುಬಿಟ್ಟ. ಎಕ್ಸಾಮ್‌ಗೆ ಮೂರೇ ವಾರ ಇದೆ. ಯಾಕೋ ಅಂದರೆ ‘ನನಗ್ಯಾಕೆ ಇನ್ನು’ ಅಂದ. ಒಂದು ರಾತ್ರಿ ‘ನಾನಿಲ್ಲದಿದ್ರೆ ಅಪ್ಪನಿಗೆ ಸಾಲನಾದ್ರೂ ಕಮ್ಮಿ ಇರ್ತಿತ್ತು’ ಅಂದು, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡ. ಇನ್ನೊಬ್ಬ ರೂಮ್‌ಮೇಟ್ ‘ಹೇಳೋರು ಯಾರೂ ಮಾಡ್ಕೊಳಲ್ಲ ಬಿಡಲೇ’ ಅಂತಾನೆ. ಸಾಯೋ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿದರೆ ಇಲ್ಲದ್ದನ್ನ ನಾನೇ ತಲೆಗೆ ಹಾಕಿದ ಹಾಗಾಗುತ್ತೇನೋ ಅಂತ ಭಯ. ಮೂರು ದಿನದಿಂದ ನನಗೂ ನಿದ್ದೆ ಇಲ್ಲ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ನಿಮ್ಮ ಪತ್ರ ಬಂದ ದಿನವೇ ಫೋನಿನಲ್ಲಿ ಮಾತಾಡಿದ್ದೇವೆ. ಇಂಥ ವಿಷಯ ಅಂಕಣ ಬರೋವರೆಗೆ ಕಾಯೋದಲ್ಲ. ಆದರೆ ನಿಮ್ಮ ಪ್ರಶ್ನೆಯನ್ನೇ ಮನಸ್ಸಲ್ಲಿ ಇಟ್ಟುಕೊಂಡು ಸುಮ್ಮನಿರೋ ಹುಡುಗರು, ಹುಡುಗಿಯರು ಈ ಊರಿನ ರೂಮು ಹಾಸ್ಟೆಲುಗಳಲ್ಲಿ ಇದ್ದೇ ಇದ್ದಾರೆ. ಅವರಿಗೂ ಬೇಕು ಅಂತ, ಗುರುತು ಸಿಗದ ಹಾಗೆ ವಿವರ ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಪತ್ರ ಓದುವಾಗ ನಾನು ನಿಂತಿದ್ದು ಆ ಕ್ಯಾಲ್ಕುಲೇಟರ್ ಹತ್ತಿರ. ಎಂಜಿನಿಯರಿಂಗ್ ಹುಡುಗ ಊಟ ಬಿಟ್ಟಾನು, ಎಕ್ಸಾಮ್ ಹತ್ತಿರ ಬಂದಾಗ ಕ್ಯಾಲ್ಕುಲೇಟರ್ ಬಿಡಲ್ಲ. ಮುಂದೆ ಬೇಕಾಗೋ ವಸ್ತುವನ್ನ ಕೊಟ್ಟುಬಿಡೋದು, ನಾನು ಎಲ್ಲರಿಗೂ ಭಾರ ಅನ್ನೋ ಮಾತು, ಒಂದು ತಿಂಗಳಿಂದ ಕೆಟ್ಟ ನಿದ್ದೆ. ಇವು ಮೂರೂ ಒಟ್ಟಿಗೆ ಬಂದಿವೆ. ಇನ್ನೊಂದು ಗಮನದಲ್ಲಿರಲಿ. ಇಷ್ಟು ದಿನ ಒದ್ದಾಡುತ್ತಿದ್ದವನು ಒಂದು ಬೆಳಿಗ್ಗೆ ಕಾರಣ ಇಲ್ಲದೆ ತೀರಾ ಶಾಂತನಾಗಿ, ಹಗುರಾಗಿ ಕಂಡರೆ ‘ಸದ್ಯ, ಸರಿಹೋದ’ ಅಂತ ಬಿಟ್ಟುಬಿಡಬೇಡಿ. ಆವತ್ತು ಇನ್ನೂ ಹತ್ತಿರ ಇರಿ.

ಈಗ ನಿಮ್ಮ ಭಯದ ಮಾತು. ಕೇಳಿದರೆ ಯೋಚನೆ ಹುಟ್ಟಲ್ಲ. ಈ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ಎಷ್ಟೋ ಅಧ್ಯಯನಗಳಾಗಿವೆ, ಕೇಳೋದರಿಂದ ಅಪಾಯ ಜಾಸ್ತಿ ಆಗಿದ್ದು ಕಂಡಿಲ್ಲ. ನನ್ನ ಮುಂದೆ ಕೂತವರನ್ನ ನಾನು ದಿನಾ ಕೇಳುತ್ತೇನೆ. ಹೆಚ್ಚಿನವರು ಸಿಟ್ಟಾಗಲ್ಲ. ಕಟ್ಟಿದ ಉಸಿರು ಬಿಟ್ಟ ಹಾಗೆ ಭುಜ ಇಳಿಯುತ್ತೆ. ಆಮೇಲೆ ಅಳು ಬರುತ್ತೆ, ಅದರ ಹಿಂದೆ ಮಾತು ಬರುತ್ತೆ. ಹಾಗಾಗಿ ಸುತ್ತಿ ಬಳಸಿ ಬೇಡ. ‘ಹಂಗೇನೂ ಇಲ್ಲ ಅಲ್ವಾ?’ ಅಂತ ಕೇಳಬೇಡಿ, ಅದು ಇಲ್ಲ ಅನ್ನಿಸಿಕೊಳ್ಳೋ ಪ್ರಶ್ನೆ. ಇಬ್ಬರೇ ಇದ್ದಾಗ ಸಂಜೆ ಕುಂದವಾಡ ಕೆರೆ ಕಡೆ ನಡೆದುಕೊಂಡು ಹೋಗಿ. ಎದುರುಬದುರು ಕೂತು ಹೇಳಲಾಗದ್ದನ್ನ ಪಕ್ಕದಲ್ಲಿ ನಡೆಯುವಾಗ ಹೇಳೋದು ಸುಲಭ. ‘ನೀನು ಕ್ಯಾಲ್ಕುಲೇಟರ್ ಕೊಟ್ಟಾಗಿಂದ ನನಗೆ ಹೆದರಿಕೆ ಆಗಿದೆ ಕಣೋ. ಸಾಯಬೇಕು ಅನ್ನಿಸ್ತಿದೆಯಾ?’ ಅಂತ ಕೇಳಿ. ಹೌದು ಅಂದರೆ ಬುದ್ಧಿ ಹೇಳೋಕೆ ಹೋಗಬೇಡಿ. ಅಪ್ಪ ಅಮ್ಮನ ಮುಖ ನೋಡು ಅನ್ನಬೇಡಿ, ಅವನು ಸೋತಿರೋದೇ ಆ ಮುಖಗಳನ್ನ ನೆನೆಸಿಕೊಂಡು. ಸುಮ್ನೆ ಕೇಳಿಸಿಕೊಳ್ಳಿ. ಹೇಗೆ, ಯಾವಾಗ ಅಂತೆಲ್ಲ ಅವನು ಯೋಚಿಸಿಟ್ಟಿದ್ದರೆ ಅವತ್ತು ಒಂದು ನಿಮಿಷವೂ ಒಬ್ಬನೇ ಇರಬಾರದು. ಅಲ್ಲಿಂದಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆಗದಿದ್ದರೆ 112ಕ್ಕೆ ಫೋನ್ ಮಾಡಿ.

‘ಹೇಳೋರು ಮಾಡ್ಕೊಳಲ್ಲ’ ಅಂತ ನಿಮ್ಮ ಇನ್ನೊಬ್ಬ ಗೆಳೆಯ ಅಂದಿದ್ದು ಕೆಟ್ಟ ಮನಸ್ಸಿನಿಂದಲ್ಲ, ನಮ್ಮ ಊರುಗಳಲ್ಲಿ ಹಿರಿಯರೂ ಅದನ್ನೇ ಹೇಳುತ್ತಾರೆ. ಆದರೆ ಅದು ತಪ್ಪು. ಜೀವ ಕಳೆದುಕೊಂಡವರಲ್ಲಿ ಎಷ್ಟೋ ಜನ ಮೊದಲೇ ಯಾರಿಗಾದರೂ ಒಂದು ಮಾತು ಹೇಳಿರುತ್ತಾರೆ, ಕೇಳಿದವರು ಬೇಜಾರಿಗೆ ಅಂದಿದ್ದಿರಬೇಕು ಅಂದುಕೊಂಡಿರುತ್ತಾರೆ. ಸರ್ಕಾರದ ಲೆಕ್ಕದಲ್ಲೇ 2022ರಲ್ಲಿ ಈ ದೇಶದಲ್ಲಿ 13,044 ವಿದ್ಯಾರ್ಥಿಗಳು ಹೀಗೆ ಹೋಗಿದ್ದಾರೆ. ಅಂಥ ಸುದ್ದಿ ಬಂದಾಗ ಕ್ಯಾಂಟೀನಿನಲ್ಲಿ ‘ಹೇಡಿ’, ‘ಇಷ್ಟಕ್ಕೇ ಹಿಂಗಾ’ ಅಂತ ಮಾತಾಡುತ್ತಾರಲ್ಲ, ಆ ಮಾತನ್ನ ಪಕ್ಕದ ಬೆಂಚಿನಲ್ಲಿ ಕೂತ, ಅದೇ ಯೋಚನೆ ಇರೋ ಹುಡುಗನೂ ಕೇಳಿಸಿಕೊಳ್ಳುತ್ತಾನೆ. ಅವನು ಇನ್ನು ಬಾಯಿ ಬಿಡಲ್ಲ. ನನಗೆ ತುಂಬಾ ನೋವಾಗೋದು ಇದೇ. ಹಾಗಂತ ‘ಪಾಪ, ನೆಮ್ಮದಿ ಸಿಕ್ತು ಬಿಡು’ ಅನ್ನೋದೂ ಬೇಡ, ಅದು ಇನ್ನೂ ಕೆಟ್ಟದ್ದು.

ಬ್ಯಾಕ್‌ಲಾಗ್ ಒಂದರಿಂದಲೇ ಇದೆಲ್ಲ ಆಯ್ತು ಅಂತಲೂ ತಿಳಿಯಬೇಡಿ. ಇಯರ್ ಬ್ಯಾಕ್ ಆದವರು ಎಷ್ಟೋ ಜನ ಬೈದುಕೊಂಡು ಮತ್ತೆ ಬರೆದು ಪಾಸಾಗುತ್ತಾರೆ. ನಿದ್ದೆ, ಊಟ, ಆಸಕ್ತಿ ಎರಡು ವಾರಕ್ಕಿಂತ ಜಾಸ್ತಿ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು, ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಸಾಯಬೇಕು ಅನ್ನೋ ತೀವ್ರ ಒತ್ತಡ ಅಲೆ ಥರ ಏರಿ ಇಳಿಯುತ್ತೆ. ಏರಿದ ಹೊತ್ತಿನಲ್ಲಿ ಪಕ್ಕದಲ್ಲಿ ಯಾರೋ ಇದ್ದರೆ, ಅಪಾಯದ ವಸ್ತು ಕೈಗೆ ಸಿಗದಿದ್ದರೆ, ಆ ಹೊತ್ತು ದಾಟುತ್ತೆ. ಅವನು ಊರಿಗೆ ಹೋಗೋದಾದರೆ ಹೊಲದ ಔಷಧಿ, ಮನೆಯವರ ಮಾತ್ರೆ ಎಲ್ಲವನ್ನೂ ಬೀಗ ಹಾಕಿಡಿ ಅಂತ ಮನೆಯವರಿಗೆ ಮೊದಲೇ ಹೇಳಿ.

ಆಣೆ? ಮುರಿಯಿರಿ. ಕದ್ದುಮುಚ್ಚಿ ಅಲ್ಲ, ಅವನಿಗೇ ಹೇಳಿ. ‘ನೀನು ಬೈದರೂ ಸರಿ, ಇದನ್ನ ನಾನೊಬ್ಬನೇ ಇಟ್ಟುಕೊಳ್ಳಲ್ಲ. ಯಾರಿಗೆ ಹೇಳೋಣ, ನೀನೇ ಹೇಳು.’ ಅಪ್ಪನಿಗೆ ಹೇಳೋಕೆ ಹೆದರಿದರೆ ಅಕ್ಕನಿಗೋ, ಸೋದರಮಾವನಿಗೋ, ಅವನಿಗೆ ಸಲಿಗೆ ಇರೋ ಮೇಷ್ಟ್ರಿಗೋ ಹೇಳಿ. ಇಯರ್ ಬ್ಯಾಕ್ ವಿಷಯ ಮನೆಗೆ ಹೇಳುವಾಗ ಪಕ್ಕದಲ್ಲಿ ನೀವೂ ಕೂತಿರಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಗೆಳೆಯನ ಪರವಾಗಿ ನೀವೇ ಮಾಡಿದರೂ ಆಗುತ್ತೆ. ಇಲ್ಲಿಯ ಜಿಲ್ಲಾ ಆಸ್ಪತ್ರೆ ಅಂದರೆ ಚಿಗಟೇರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಇದ್ದಾರೆ. ಹುಚ್ಚ ಅಂತಾರೆ ಅಂತ ಅವನು ಹಿಂಜರಿದರೆ ‘ನಿದ್ದೆಗೆ ತೋರಿಸೋಣ ಬಾ’ ಅಂತ ಕರೆಯಿರಿ, ಅದೂ ಸುಳ್ಳಲ್ಲ. ಪೊಲೀಸ್ ಕೇಸಾಗುತ್ತೆ ಅನ್ನೋ ಹೆದರಿಕೆಯೂ ಕೆಲವರಿಗಿದೆ. ಯೋಚನೆ ಹೇಳಿಕೊಂಡಿದ್ದಕ್ಕೆ ಯಾವ ಕೇಸೂ ಇಲ್ಲ. ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಿ, ಆರೈಕೆ ಕೊಡಬೇಕು ಅನ್ನುತ್ತೆ 2017ರ ಮಾನಸಿಕ ಆರೋಗ್ಯ ಕಾಯ್ದೆ.

ಕೊನೆಗೆ ನಿಮ್ಮ ವಿಷಯ. ಮೂರು ರಾತ್ರಿ ಒಬ್ಬರೇ ಕಾವಲು ಕೂತಿದ್ದೀರಿ. ಆ ಇನ್ನೊಬ್ಬ ರೂಮ್‌ಮೇಟ್‌ಗೆ ಈ ಉತ್ತರ ಓದಿಸಿ, ರಾತ್ರಿ ಪಾಳಿ ಹಂಚಿಕೊಳ್ಳಿ. ಅವನ ಮನೆಯವರು ಬಂದ ದಿನ ನೀವು ಹೊಟ್ಟೆ ತುಂಬ ಊಟ ಮಾಡಿ ಮಲಗಿ. ಆಮೇಲೂ ಮನಸ್ಸು ಭಾರ ಅನ್ನಿಸಿದರೆ ಅದೇ 14416 ನಿಮಗೂ ಇದೆ.