ಆಟಗಾರನ ಮನಸ್ಸು ನಮಗೆ ಹೇಗೆ ಗೊತ್ತಾಯಿತು?

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಫುಟ್‌ಬಾಲ್ ಫೈನಲ್ ವರದಿಯಲ್ಲಿ ನೀವು ಎರಡು ಸಾಲುಗಳಿಗೆ ಗೆರೆ ಎಳೆದು ಕಳಿಸಿದ್ದೀರಿ. ‘ಒತ್ತಡಕ್ಕೆ ಮಣಿದ ನಾಯಕ ಪೆನಾಲ್ಟಿ ಕೈಚೆಲ್ಲಿದ’ ಎಂಬುದು ಒಂದು. ‘ತಂಡದೊಳಗೆ ಬಿರುಕಿದೆ ಎನ್ನುತ್ತವೆ ಮೂಲಗಳು’ ಎಂಬುದು ಇನ್ನೊಂದು. ಇದೆಲ್ಲ ನಿಮಗೆ ಹೇಗೆ ಗೊತ್ತಾಯಿತು, ನಮ್ಮ ತಂಡ ಕಂಡರೆ ನಿಮಗೆ ಆಗುವುದೇ ಇಲ್ಲ ಎಂದು ಬರೆದಿದ್ದೀರಿ.

ಮೊದಲ ಪ್ರಶ್ನೆಗೆ ನೇರ ಉತ್ತರ: ನಮಗೆ ಗೊತ್ತಿರಲಿಲ್ಲ. ವರದಿಗಾರರನ್ನು ಕೂರಿಸಿಕೊಂಡು ಕೇಳಿದೆ. ಚೆಂಡು ಕಂಬಕ್ಕೆ ಬಡಿದದ್ದನ್ನು ಅವರು ನೋಡಿದ್ದರು. ಒತ್ತಡವನ್ನು ನೋಡಿರಲಿಲ್ಲ. ಅದು ಸೋತ ಮೇಲೆ ಹೊಳೆದ ಕಾರಣ. ಅದೇ ಚೆಂಡು ಗೇಣಿನಷ್ಟು ಒಳಗೆ ಹೋಗಿದ್ದರೆ ‘ಎದೆಗುಂದದ ನಾಯಕ’ ಅಂತ ಬರೆಯುತ್ತಿದ್ದೆವು, ಅಲ್ವಾ? ದೊಡ್ಡ ಲೀಗ್‌ಗಳಲ್ಲೂ ಹೆಚ್ಚುಕಡಿಮೆ ನಾಲ್ಕು ಪೆನಾಲ್ಟಿಗಳಲ್ಲಿ ಒಂದು ಗೋಲಾಗುವುದಿಲ್ಲ. ಒಂದು ಒದೆ ತಪ್ಪಿತೆಂದು ಒಬ್ಬನ ಸ್ವಭಾವವನ್ನೇ ಅಳೆದುಬಿಟ್ಟೆವು. ಐದು ಪಂದ್ಯ ನೋಡಿ ‘ಇವನ ಕಾಲ ಮುಗಿಯಿತು’ ಎನ್ನುವುದೂ ಇಂಥದ್ದೇ.

ಆದರೆ ‘ಮೂಲಗಳು’ ಎಂಬ ಪದ ನನಗೆ ಇದಕ್ಕಿಂತ ಜಾಸ್ತಿ ಭಯ ಹುಟ್ಟಿಸುತ್ತದೆ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ತಂಡದ ಅಭಿಮಾನಿಗಳು ನೂಕುನುಗ್ಗಲಿಗೆ ಸಿಕ್ಕರು. ಆ ದುರಂತಕ್ಕೆ ಬಲಿಯಾದವರು ಒಟ್ಟು 97 ಮಂದಿ. ನಾಲ್ಕು ದಿನ ಕಳೆದ ಮೇಲೆ ‘ದಿ ಸನ್’ ಪತ್ರಿಕೆ ಮುಖಪುಟದಲ್ಲಿ ‘ಸತ್ಯ’ ಎಂದು ದೊಡ್ಡ ಶೀರ್ಷಿಕೆ ಹಾಕಿತು. ಅಭಿಮಾನಿಗಳು ಬಿದ್ದವರ ಜೇಬಿಗೆ ಕೈ ಹಾಕಿದರು, ಪೊಲೀಸರ ಮೇಲೆ ಮೂತ್ರ ಮಾಡಿದರು ಎಂದು ಬರೆಯಿತು. ಅದಕ್ಕಿದ್ದ ಮುಖ್ಯ ಆಸರೆ ಹೆಸರಿಲ್ಲದ ಪೊಲೀಸರ ಮಾತು. ಇದಕ್ಕೆಲ್ಲ ಆಧಾರವಿಲ್ಲ ಎಂದು ಸ್ವತಂತ್ರ ಸಮಿತಿಯೊಂದು ಹೇಳಿದ್ದು 2012ರಲ್ಲಿ. ಅಭಿಮಾನಿಗಳ ತಪ್ಪೇನೂ ಇರಲಿಲ್ಲ ಎಂದು ಆ ಸಾವುಗಳ ವಿಚಾರಣೆ ನಡೆಸಿದ ನ್ಯಾಯಾಲಯದ ತೀರ್ಪುಗಾರರ ಮಂಡಳಿ (ಜ್ಯೂರಿ) ಹೇಳಿದ್ದು 2016ರಲ್ಲಿ. ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರು ಅಷ್ಟು ವರ್ಷ ಆ ಕಳಂಕವನ್ನೂ ಹೊತ್ತು ಬದುಕಿದರು.

ನಮ್ಮ ‘ಬಿರುಕಿನ’ ಸಾಲು ಅಷ್ಟು ದೊಡ್ಡದಲ್ಲ, ನಿಜ. ಆದರೆ ಹುಟ್ಟಿದ ಬಗೆ ಒಂದೇ. ನಮಗೆ ಅದನ್ನು ಹೇಳಿದ್ದು ಒಬ್ಬರೇ ಒಬ್ಬರು. ಅವರು ಆ ದಿನ ಡ್ರೆಸ್ಸಿಂಗ್ ರೂಮಿನ ಹತ್ತಿರವೂ ಇರಲಿಲ್ಲ. ಅವರನ್ನು ‘ಮೂಲಗಳು’ ಎಂದು ಬಹುವಚನ ಮಾಡಿದ್ದು ನಾವು.

ಇನ್ನು ಪಕ್ಷಪಾತದ ಮಾತು. ವರದಿಯಲ್ಲಿ ಎರಡೂ ತಂಡಗಳ ಹೆಸರನ್ನು ಅದಲುಬದಲು ಮಾಡಿ ಓದಿ ನೋಡಿದೆ. ಗೆದ್ದವರ ಫೌಲ್ ‘ಜಾಣ ತಡೆ’ ಆಗಿತ್ತು, ನಿಮ್ಮವರದು ‘ಒರಟಾಟ’. ಅಲ್ಲಿ ನೀವು ಹೇಳಿದ್ದು ಸರಿ. ಆದರೆ ರೆಫರಿಯ ತಪ್ಪನ್ನು ಬೇಕೆಂದೇ ಮುಚ್ಚಿಟ್ಟಿರಿ ಎಂಬ ಆರೋಪವನ್ನು ನಾನು ಒಪ್ಪುವುದಿಲ್ಲ. ಅದು ಮೂರನೇ ಪ್ಯಾರಾದಲ್ಲೇ ಇದೆ, ನಿಮ್ಮ ಕಣ್ಣು ತಪ್ಪಿದೆ.

ಇದು ಯಾರಿಗಾದರೂ ಆಗುವಂಥದ್ದು. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಎಂಬ ಎರಡು ವಿದ್ಯಾಸಂಸ್ಥೆಗಳ ತಂಡಗಳ ನಡುವೆ ಅಮೆರಿಕನ್ ಫುಟ್‌ಬಾಲಿನ ಒರಟು ಪಂದ್ಯವೊಂದು ನಡೆಯಿತು. ಮನಶ್ಶಾಸ್ತ್ರಜ್ಞರು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಆ ಪಂದ್ಯದ ಒಂದೇ ಫಿಲ್ಮ್ ತೋರಿಸಿ, ನಿಯಮ ಮುರಿದದ್ದನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡದ ತಪ್ಪುಗಳು ಪ್ರಿನ್ಸ್‌ಟನ್‌ನವರಿಗೆ ಸರಾಸರಿ 9.8 ಕಂಡವು. ಡಾರ್ಟ್‌ಮತ್‌ನವರಿಗೆ ಕಂಡದ್ದು 4.3. ಯಾರೂ ಸುಮ್ನೆ ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಹಾಗೆಯೇ ಕಂಡಿತ್ತು.

ಎರಡೂ ಸಾಲುಗಳಿಗೆ ತಿದ್ದುಪಡಿ ಈ ಸಂಚಿಕೆಯ ಕ್ರೀಡಾ ಪುಟದ ತಲೆಯಲ್ಲೇ ಇದೆ. ಜೊತೆಗೆ ಮೂರನೆಯದೂ ಒಂದಿದೆ. ಸೆಮಿಫೈನಲ್ ಗೆದ್ದಾಗ ನಿಮ್ಮ ತಂಡಕ್ಕೆ ‘ಗೆಲ್ಲುವ ಹಸಿವು ಜಾಸ್ತಿ ಇತ್ತು’ ಎಂದು ಬರೆದಿದ್ದೆವು. ಹಸಿವನ್ನು ಅಳೆದದ್ದು ಹೇಗೆ ಎಂದು ಆಗ ಯಾರೂ ಕೇಳಿರಲಿಲ್ಲ. ಆ ಸಾಲನ್ನೂ ಹಿಂದಕ್ಕೆ ಪಡೆದಿದ್ದೇವೆ.

– ಸಂಪಾದಕ